ನುಚ್ಚು ತಿಂದು ಮೊಟ್ಟೆ ಇಡುವ ಬಾತು ಯಾಕೆ ಸೊರಗುತ್ತದೆ?

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮದು ಅಡಿಕೆ ತೋಟ. ಎಂಟು ಹೆಣ್ಣು, ಎರಡು ಗಂಡು ಖಾಕಿ ಕ್ಯಾಂಪ್‌ಬೆಲ್ ಬಾತುಗಳಿವೆ. ವಯಸ್ಸು ಹತ್ತು ತಿಂಗಳು. ಐದನೇ ತಿಂಗಳಿಗೆ ಮೊಟ್ಟೆ ಶುರುವಾಗಿ ದಿನಕ್ಕೆ ಆರೇಳು ಸಿಗುತ್ತಿತ್ತು, ಈಗ ಎರಡು ಮೂರಕ್ಕೆ ಇಳಿದಿದೆ. ಕೆಲವಕ್ಕೆ ಚಿಪ್ಪೇ ಇಲ್ಲ, ಬರೀ ಪೊರೆ. ಒಂದು ಹೆಣ್ಣು ಕುಂಟುತ್ತಿದೆ, ಎರಡರ ಕಣ್ಣಿನ ಸುತ್ತ ಅಂಟು ಕಟ್ಟಿದೆ. ಬೆಳಿಗ್ಗೆ ಸಂಜೆ ಬೇಯಿಸಿದ ನುಚ್ಚು, ಜೊತೆಗೆ ನೀರಿನಲ್ಲಿ ಬೆಳೆಸುವ ಅಜೋಲಾ ಸೊಪ್ಪು ಹಾಕುತ್ತೇವೆ. ಬೆಳಗಾಗುತ್ತಲೇ ತೋಟಕ್ಕೆ ಬಿಡುತ್ತೇವೆ. ಜಂತುಹುಳದ ಔಷಧಿ ಕೊಟ್ಟಾಯಿತು, ಗುಣ ಕಾಣಲಿಲ್ಲ. ಟಾನಿಕ್ ಏನಾದರೂ ಇದೆಯೇ?

ಉತ್ತರ: ಟಾನಿಕ್ ತರುವ ಮೊದಲು ನುಚ್ಚಿನ ಲೆಕ್ಕ ನೋಡೋಣ. ನೀವು ಬರೆದ ನಾಲ್ಕು ತೊಂದರೆಗಳಲ್ಲಿ ಎರಡಕ್ಕೆ, ಬಹುಶಃ ಮೂರಕ್ಕೆ, ಕಾರಣ ಅಲ್ಲಿಯೇ ಇದೆ.

ಖಾಕಿ ಕ್ಯಾಂಪ್‌ಬೆಲ್ ಸುಮಾರು 1900ರ ಹೊತ್ತಿಗೆ ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್‌ನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ರೂಪಿಸಿದ ತಳಿ. ಅದರ ಮೂಲದಲ್ಲಿ ಇಂಡಿಯನ್ ರನ್ನರ್ ಬಾತಿನ ರಕ್ತವಿದೆ. ಮೈತೂಕ ಎರಡು ಕಿಲೋ ಆಸುಪಾಸು. ಒಳ್ಳೆಯ ಸಾಕಣೆಯಲ್ಲಿ ವರ್ಷಕ್ಕೆ 280ರಿಂದ 300 ಮೊಟ್ಟೆ ಕೊಡಬಲ್ಲದು. ಒಂದೊಂದು ಮೊಟ್ಟೆ 65ರಿಂದ 70 ಗ್ರಾಂ. ಅಂದರೆ ಇಡೀ ವರ್ಷದಲ್ಲಿ ತನ್ನ ಮೈತೂಕದ ಒಂಬತ್ತು ಹತ್ತು ಪಟ್ಟು ತೂಕವನ್ನು ಅದು ಮೊಟ್ಟೆಯಾಗಿ ಹೊರಹಾಕುತ್ತದೆ. ಮೇವು ಕಡಿಮೆಯಾದ ದಿನವೇ ಈ ತಳಿ ಮೊಟ್ಟೆ ನಿಲ್ಲಿಸುವುದಿಲ್ಲ. ಮೊದಲು ತನ್ನ ಎದೆಯ ಮಾಂಸದಿಂದ, ಮೂಳೆಯಿಂದ ತೆಗೆದು ಕೊಡುತ್ತದೆ, ಅದೂ ಮುಗಿದ ಮೇಲೆ ನಿಲ್ಲಿಸುತ್ತದೆ. ಊರ ಬಾತನ್ನು ಸಾಕಿದ ರೀತಿಯಲ್ಲೇ ಇದನ್ನೂ ಸಾಕಿದವರಿಗೆ ಮೊದಲ ಮೂರ್ನಾಲ್ಕು ತಿಂಗಳು ಎಲ್ಲ ಸರಿಯಿದ್ದಂತೆ ಕಾಣುವುದು ಇದರಿಂದಲೇ.

70 ಗ್ರಾಂ ಮೊಟ್ಟೆಯೊಂದರಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇರುತ್ತದೆ, ಅದರ ಚಿಪ್ಪಿನಲ್ಲಿ ಎರಡೂವರೆ ಗ್ರಾಂ ಆಸುಪಾಸು ಕ್ಯಾಲ್ಸಿಯಂ. ದಿನಕ್ಕೆ 150 ಗ್ರಾಂ ನುಚ್ಚು ತಿಂದರೆ ಒಳಗೆ ಹೋಗುವ ಪ್ರೋಟೀನ್ 12 ಗ್ರಾಂ. ತಿಂದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಭಾಗವೇ ಮೊಟ್ಟೆಗೆ ಸೇರುತ್ತದೆ, ಜೊತೆಗೆ ಬಾತಿನ ಮೈ ನಡೆಯುವುದಕ್ಕೂ ಪ್ರೋಟೀನ್ ಬೇಕು. ನುಚ್ಚಿನ ಕ್ಯಾಲ್ಸಿಯಂ ಅಂತೂ ಇಲ್ಲವೆನ್ನುವಷ್ಟು ಕಡಿಮೆ, ಮಿಲಿಗ್ರಾಂ ಲೆಕ್ಕದ್ದು. ಅದೇ 150 ಗ್ರಾಂ ಮೊಟ್ಟೆ ಕೋಳಿ ಆಹಾರ, ಅಂದರೆ ಲೇಯರ್ ಫೀಡ್, ಕೊಟ್ಟರೆ 25 ಗ್ರಾಂ ಪ್ರೋಟೀನ್ ಮತ್ತು ನಾಲ್ಕೂವರೆ ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಅಜೋಲಾ ಒಳ್ಳೆಯದು, ಬಿಡಬೇಡಿ. ಆದರೆ ಹಸಿ ಅಜೋಲಾದಲ್ಲಿ ನೂರಕ್ಕೆ 93ಕ್ಕೂ ಹೆಚ್ಚು ಪಾಲು ನೀರೇ. 100 ಗ್ರಾಂ ಹಸಿ ಅಜೋಲಾದಿಂದ ಸಿಗುವ ಪ್ರೋಟೀನ್ ಒಂದೂವರೆ ಗ್ರಾಂ ದಾಟುವುದಿಲ್ಲ. ಅದು ಸೊಪ್ಪಿನ ಜಾಗ ತುಂಬುತ್ತದೆ, ಹಿಂಡಿಯ ಜಾಗವನ್ನಲ್ಲ.

ಮಳೆಗಾಲದಲ್ಲಿ ತೋಟ, ಗದ್ದೆ, ಹಳ್ಳದಂಚು ಎಲ್ಲ ಕಡೆ ಬಸವನಹುಳು, ಎರೆಹುಳು, ಸಣ್ಣ ಕಪ್ಪೆ, ಕೀಟ ಹೇರಳವಾಗಿ ಸಿಗುತ್ತವೆ. ಬಸವನಹುಳದಲ್ಲಿ ಪ್ರೋಟೀನೂ ಇದೆ, ಚಿಪ್ಪಿನ ಕ್ಯಾಲ್ಸಿಯಮೂ ಇದೆ. ನುಚ್ಚಿನ ಕೊರತೆಯನ್ನು ಇಷ್ಟು ದಿನ ಮುಚ್ಚಿದ್ದು ಈ ಮೇವು. ದೀಪಾವಳಿ ಕಳೆದು ನೆಲ ಒಣಗಿದಂತೆ ಅದು ಮಾಯವಾಗುತ್ತದೆ. ತೋಟಕ್ಕೆ ಬಿಟ್ಟರೆ ಮೇಯ್ದುಕೊಂಡು ಬರುತ್ತವೆ ಎಂಬ ಮಾತು ವರ್ಷದ ನಾಲ್ಕೈದು ತಿಂಗಳಿಗೆ ಮಾತ್ರ ನಿಜ.

ಮೊಟ್ಟೆ ನಿಜಕ್ಕೂ ಕಡಿಮೆಯಾಗಿದೆಯೇ?

ಇದನ್ನು ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬೇಡಿ. ಬಾತುಗಳು ಬಹುಪಾಲು ಮೊಟ್ಟೆಯನ್ನು ನಸುಕಿನಿಂದ ಬೆಳಿಗ್ಗೆ 9 ಗಂಟೆಯೊಳಗೆ ಇಟ್ಟು ಮುಗಿಸುತ್ತವೆ. ಬೆಳಗಾಗುತ್ತಲೇ ಬಾಗಿಲು ತೆಗೆದರೆ ತಡವಾಗಿ ಇಡುವವು ತೋಟದ ದರಗಿನಲ್ಲೋ (ಉದುರಿದ ಒಣ ಎಲೆ) ಹಳ್ಳದ ನೀರಿನಲ್ಲೋ ಇಟ್ಟುಬರುತ್ತವೆ. ನೀರಿಗೆ ಬಿದ್ದದ್ದು ನಿಮಗೆ ಸಿಗುವುದಿಲ್ಲ, ದರಗಿನಲ್ಲಿದ್ದದ್ದು ಕಾಗೆಗೋ ಮುಂಗುಸಿಗೋ ಉಡಕ್ಕೋ ಆಗುತ್ತದೆ. ನಾಳೆಯಿಂದ ಹತ್ತು ದಿನ 9 ಗಂಟೆಯ ತನಕ ಗೂಡಿನಲ್ಲೇ ಇರಲಿ. ಒಳಗೆ ಮೇವು, ನೀರು ಎರಡೂ ಇರಬೇಕು. ಎಣಿಕೆ ಇಷ್ಟಕ್ಕೇ ನಾಲ್ಕಕ್ಕೆ ಏರಿದರೆ ನಿಮ್ಮ ತೊಂದರೆಯ ಒಂದು ಭಾಗ ಬಾಗಿಲಿನ ಹೊತ್ತಿನದು.

ಇದರ ಜೊತೆಗೆ ಒಂದೊಂದೇ ಬಾತನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿ. ಕಾಲು ಹಿಡಿದು ಎತ್ತಬಾರದು. ಬಾತಿನ ಕಾಲು ಕೋಳಿಯದರಷ್ಟು ಗಟ್ಟಿಯಲ್ಲ, ತೊಡೆಯ ಕೀಲು ತಪ್ಪುತ್ತದೆ. ಮೂಲೆಗೆ ಒತ್ತರಿಸಿ ಎರಡೂ ರೆಕ್ಕೆಗಳನ್ನು ಮೈಗೆ ಸೇರಿಸಿ ಹಿಡಿದು, ಒಂದು ಅಂಗೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು ಎತ್ತಿ. ರಾತ್ರಿ ಗೂಡಿಗೆ ಸೇರಿದ ಮೇಲೆ ಮಂದ ಬೆಳಕಿನಲ್ಲಿ ಈ ಕೆಲಸ ಮಾಡಿದರೆ ಗಾಬರಿ ಕಡಿಮೆ.

ಮೊದಲು ಎದೆ. ಎದೆಯ ನಡುವಿನ ಮೂಳೆಯ ಮೇಲೆ ಬೆರಳು ಓಡಿಸಿ. ಎರಡೂ ಬದಿಯಲ್ಲಿ ಮಾಂಸ ತುಂಬಿಕೊಂಡು ಮೂಳೆಯ ಅಂಚು ಬೆರಳಿಗೆ ತುಸುವೇ ತಾಕಿದರೆ ಮೈ ಸರಿಯಾಗಿದೆ. ಅಂಚು ಚೂಪಾಗಿ ಎದ್ದು ಎರಡೂ ಬದಿ ಗುಳಿ ಬಿದ್ದಿದ್ದರೆ ಆ ಬಾತು ತನ್ನ ಮಾಂಸ ಕರಗಿಸಿ ಮೊಟ್ಟೆ ಇಟ್ಟಿದೆ ಎಂದರ್ಥ. ಮೂಳೆಯೇ ಸಿಗದಷ್ಟು ಕೊಬ್ಬಿದ್ದು, ಕೆಳಹೊಟ್ಟೆ ಜೋತುಬಿದ್ದಿದ್ದರೆ ಅದೂ ಕೆಟ್ಟದ್ದೇ: ಅಂಥವಕ್ಕೆ ಮೊಟ್ಟೆ ಸಿಕ್ಕಿಕೊಳ್ಳುವ, ಮೊಟ್ಟೆಯ ದಾರಿ ಹೊರಬರುವ ಅಪಾಯ ಹೆಚ್ಚು. ಚೀಲದಲ್ಲಿಟ್ಟು ತೂಗುಮಾಪಕಕ್ಕೆ ನೇತುಹಾಕಿ ತೂಕ ಬರೆದಿಡಿ. 1.6 ಕಿಲೋಗಿಂತ ಕೆಳಗಿದ್ದರೆ ಆ ಬಾತಿಗೆ ಬೇರೆ ಬಟ್ಟಲು ಇಡಬೇಕು.

ಆಮೇಲೆ ಮೊಟ್ಟೆ ಬರುವ ದ್ವಾರ. ಇಡುತ್ತಿರುವ ಬಾತಿನದು ಅಗಲವಾಗಿ, ಹಸಿಯಾಗಿ, ಮೆತ್ತಗಿರುತ್ತದೆ. ಅದರ ಇಕ್ಕೆಲದ ಎರಡು ಸಣ್ಣ ಮೂಳೆಗಳ ನಡುವೆ ಎರಡರಿಂದ ಮೂರು ಬೆರಳು ಹಿಡಿಯುತ್ತವೆ. ನಿಲ್ಲಿಸಿದ ಬಾತಿನಲ್ಲಿ ಅದು ಒಣಗಿ ಸುಕ್ಕಾಗಿರುತ್ತದೆ, ಮೂಳೆಗಳ ನಡುವೆ ಒಂದು ಬೆರಳೂ ಕಷ್ಟ. ಎಂಟರಲ್ಲಿ ಯಾವುದು ಇಡುತ್ತಿದೆ, ಯಾವುದು ಇಲ್ಲ ಎಂಬುದು ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ. ಕಾಲಿಗೆ ಬೇರೆ ಬೇರೆ ಬಣ್ಣದ ಸಡಿಲ ಉಂಗುರ ಹಾಕಿ ಗುರುತಿಟ್ಟುಕೊಳ್ಳಿ.

ಕೊನೆಗೆ ರೆಕ್ಕೆ ಬಿಡಿಸಿ ನೋಡಿ. ದೊಡ್ಡ ಗರಿಗಳು ಉದುರಿ, ಆ ಜಾಗದಲ್ಲಿ ನೀಲಿಗಪ್ಪು ಬಣ್ಣದ, ಒಳಗೆ ರಕ್ತ ತುಂಬಿದ ಮೊಳಕೆ ಗರಿಗಳು ಕಂಡರೆ ಆ ಬಾತು ಗರಿ ಬದಲಿಸುತ್ತಿದೆ. ಅದು ಎರಡು ಮೂರು ತಿಂಗಳು ಮೊಟ್ಟೆ ಇಡುವುದಿಲ್ಲ, ಏನು ಕೊಟ್ಟರೂ ಇಡುವುದಿಲ್ಲ, ಇಡಿಸಲು ಹೋಗಲೂ ಬಾರದು. ಹತ್ತು ತಿಂಗಳಿಗೆ ಇದು ಸ್ವಲ್ಪ ಬೇಗವೇ. ಆದರೆ ಒಂದು ದಿನ ಕುಡಿಯುವ ನೀರು ತಪ್ಪಿದರೆ, ರಾತ್ರಿ ನಾಯಿ ನುಗ್ಗಿ ಬೆದರಿಸಿದರೆ, ಮೇವನ್ನು ದಿಢೀರನೆ ಬದಲಿಸಿದರೆ ಬೇಗ ಶುರುವಾಗುವುದುಂಟು. ಹಾಗಾಗಿ ಮುಂದೆ ಹೇಳುವ ಮೇವಿನ ಬದಲಾವಣೆಯನ್ನೂ ಒಂದೇ ದಿನ ಮಾಡಬೇಡಿ. ಮೊದಲ ಮೂರು ದಿನ ಹಳೆಯದರಲ್ಲಿ ಕಾಲು ಪಾಲು ಹೊಸದು, ಮುಂದಿನ ಮೂರು ದಿನ ಅರ್ಧ, ಆಮೇಲೆ ಮುಕ್ಕಾಲು, ಹತ್ತನೇ ದಿನಕ್ಕೆ ಪೂರ್ತಿ.

ಮೇವು

ಸುಲಭದ ದಾರಿ ಲೇಯರ್ ಫೀಡ್ ತರುವುದು. ಪ್ರೋಟೀನ್ 16ರಿಂದ 18 ಶೇಕಡ, ಕ್ಯಾಲ್ಸಿಯಂ 3 ಶೇಕಡ ಆಸುಪಾಸು ಇರಬೇಕು, ಚೀಲದ ಮೇಲೆ ನಮೂದಾಗಿರುತ್ತದೆ. ಹತ್ತು ಬಾತಿಗೆ ತಲಾ 150 ಗ್ರಾಂನಂತೆ ದಿನಕ್ಕೆ ಒಂದೂವರೆ ಕಿಲೋ, ತಿಂಗಳಿಗೆ 45 ಕಿಲೋ. 50 ಕಿಲೋ ಚೀಲ ಒಂದು ತಿಂಗಳು ಬರುತ್ತದೆ. ಮೇವು ಸಮೃದ್ಧವಾಗಿರುವ ಮಳೆಗಾಲದಲ್ಲಿ ತಲಾ 100ರಿಂದ 120 ಗ್ರಾಂ ಸಾಕು. ಮರಿಗಳಿಗೆ ಮಾತ್ರ ಲೇಯರ್ ಫೀಡ್ ಕೊಡಲೇಬೇಡಿ. ಮೊಟ್ಟೆಗೆ ಬಾರದ ಬಾತಿಗೆ ಅಷ್ಟು ಕ್ಯಾಲ್ಸಿಯಂ ಹೋದರೆ ಮೂತ್ರಪಿಂಡ ಕೆಡುತ್ತದೆ. ಮಾಂಸದ ಕೋಳಿಯ ಆಹಾರವೂ ಬೇಡ. ಅದರಲ್ಲಿ ಕೊಬ್ಬು ಕಟ್ಟುವ ಶಕ್ತಿ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಅದರಲ್ಲಿ ಬೆರೆಸಿದ ಔಷಧಿಗಳ ಪ್ರಮಾಣವನ್ನು ಕೋಳಿ ತಿನ್ನುವ ಲೆಕ್ಕಕ್ಕೆ ಇಟ್ಟಿರುತ್ತಾರೆ, ಬಾತಿನ ಲೆಕ್ಕಕ್ಕಲ್ಲ.

ಮನೆಯಲ್ಲೇ ಕಲಸುವುದಾದರೆ 10 ಕಿಲೋಗೆ ಈ ಅಳತೆ: ಒಡೆದ ಮುಸುಕಿನ ಜೋಳ 4 ಕಿಲೋ, ನುಚ್ಚು 1 ಕಿಲೋ 400 ಗ್ರಾಂ, ಅಕ್ಕಿ ತೌಡು 1 ಕಿಲೋ, ಸೋಯಾ ಹಿಂಡಿ 2 ಕಿಲೋ 200 ಗ್ರಾಂ, ಉಪ್ಪು ಹಾಕದ ಒಣಮೀನಿನ ಪುಡಿ 500 ಗ್ರಾಂ, ಚಿಪ್ಪಿನ ನುರಿ 700 ಗ್ರಾಂ, ಕೋಳಿಗೆ ಕೊಡುವ ಖನಿಜ ಮಿಶ್ರಣ 150 ಗ್ರಾಂ, ಪುಡಿ ಉಪ್ಪು 25 ಗ್ರಾಂ, ಬಿ ಗುಂಪಿನ ಜೀವಸತ್ವವಿರುವ ಕೋಳಿ ವಿಟಮಿನ್ ಪುಡಿ 25 ಗ್ರಾಂ. ಪ್ರೋಟೀನ್ 18 ಶೇಕಡ, ಕ್ಯಾಲ್ಸಿಯಂ ಮೂರಕ್ಕೂ ತುಸು ಮೇಲೆ ಬರುತ್ತದೆ. ಸಿಕ್ಕ ಮೀನು ಉಪ್ಪು ಹಾಕಿ ಒಣಗಿಸಿದ್ದಾದರೆ ಪುಡಿ ಉಪ್ಪನ್ನು ಪೂರ್ತಿ ಬಿಡಿ. ಉಪ್ಪು ಹೆಚ್ಚಾದರೆ ಬಾತು ನೀರು ಕುಡಿದು ಕುಡಿದು ಗೂಡನ್ನೆಲ್ಲ ಕೆಸರು ಮಾಡುತ್ತದೆ, ಅತಿಯಾದರೆ ಸಾಯುತ್ತದೆ. ಬಿ ಗುಂಪಿನಲ್ಲಿ ನಯಾಸಿನ್ ಬಾತಿಗೆ ಕೋಳಿಗಿಂತ ಹೆಚ್ಚು ಬೇಕು. ಜೋಳದಲ್ಲಿರುವ ನಯಾಸಿನ್ ಅದಕ್ಕೆ ದಕ್ಕುವುದಿಲ್ಲ. ಮರಿಗಳಲ್ಲಿ ಕಾಲು ಸೊಟ್ಟಗಾಗುವುದಕ್ಕೆ ಇದೇ ಮುಖ್ಯ ಕಾರಣ.

ಈ ಪಟ್ಟಿಯಲ್ಲಿ ಕಡಲೆಕಾಯಿ ಹಿಂಡಿ ಇಲ್ಲದಿರುವುದನ್ನು ಗಮನಿಸಿ. ಬೇಕೆಂದೇ ಬಿಟ್ಟದ್ದು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲೂ ಜೋಳದಲ್ಲೂ ಆಗುವ ಅಫ್ಲಾಟಾಕ್ಸಿನ್ ಎಂಬ ವಿಷಕ್ಕೆ ಬಾತಿನಷ್ಟು ಬೇಗ ಬಲಿಯಾಗುವ ಸಾಕುಹಕ್ಕಿ ಇನ್ನೊಂದಿಲ್ಲ. ಕೋಳಿ ತಾಳಿಕೊಳ್ಳುವ ಪ್ರಮಾಣವೇ ಬಾತನ್ನು ಕೊಲ್ಲುತ್ತದೆ. ಒಂದು ಕಿಲೋ ಮೇವಿನಲ್ಲಿ ಒಂದು ಮಿಲಿಗ್ರಾಂನ ನೂರನೇ ಮೂರು ಪಾಲಿಗಿಂತ ಹೆಚ್ಚಿದ್ದರೂ ಅಪಾಯ. ಈ ವಿಷ ಯಕೃತ್ತನ್ನು ಕೆಡಿಸುತ್ತದೆ: ಮೊದಲು ಮೇವು ಬಿಡುತ್ತದೆ, ಮೊಟ್ಟೆ ಇಳಿಯುತ್ತದೆ, ಆಮೇಲೆ ಒಂದೊಂದಾಗಿ ಸಾಯುತ್ತವೆ. ಬೂಷ್ಟು ತೊಳೆದರೆ, ಬಿಸಿಲಿಗೆ ಹಾಕಿದರೆ, ಬೇಯಿಸಿದರೆ ವಿಷ ಹೋಗುವುದಿಲ್ಲ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಒಡೆದ ಜೋಳ ಎರಡು ಮೂರು ವಾರಕ್ಕೇ ಬೂಷ್ಟು ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ಹದಿನೈದು ದಿನಕ್ಕಾಗುವಷ್ಟೇ ತನ್ನಿ. ಚೀಲವನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲಿಡಿ, ಕೈಹಾಕಿದಾಗ ಬಿಸಿ ಅನಿಸಿದರೆ, ಗಂಟು ಕಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಗುಂಡಿಗೆ ಹಾಕಿ. ನಮ್ಮ ಊಟಕ್ಕಾಗದ ಧಾನ್ಯವನ್ನು ಬಾತಿಗೆ ಹಾಕುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ದಯವಿಟ್ಟು ಬಿಡಬೇಕು.

ಪುಡಿ ಮೇವನ್ನು ಒಣದಾಗಿ ಕೊಟ್ಟರೆ ಬಾತಿನ ಬಾಯಲ್ಲಿ ಅಂಟಿಕೊಳ್ಳುತ್ತದೆ. ನೀರಿಗೆ ಓಡಿ ಬಾಯಿ ತೊಳೆದು ಕಾಲು ಪಾಲು ಅಲ್ಲೇ ಚೆಲ್ಲುತ್ತದೆ. ಗುಳಿಗೆ ರೂಪದ್ದು ಸಿಕ್ಕರೆ ಉತ್ತಮ, ಇಲ್ಲದಿದ್ದರೆ ನೀರು ಚಿಮುಕಿಸಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಹದಿನೈದು ಇಪ್ಪತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ, ಉಳಿದದ್ದನ್ನು ತೆಗೆದು ಬಟ್ಟಲು ತೊಳೆದಿಡಿ. ಬೆಳಿಗ್ಗೆ ಮೂರನೇ ಒಂದು ಪಾಲು, ಸಂಜೆ ಗೂಡಿಗೆ ಸೇರಿಸುವಾಗ ಎರಡು ಪಾಲು. ಸಂಜೆಗೆ ಹೆಚ್ಚು ಏಕೆಂದರೆ ಚಿಪ್ಪು ಕಟ್ಟುವ ಕೆಲಸ ನಡೆಯುವುದು ರಾತ್ರಿ. ಆಗ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಮೂಳೆಯಿಂದ ತೆಗೆಯುತ್ತದೆ. ಪೊರೆಮೊಟ್ಟೆ ಇಡುತ್ತಿರುವ ಬಾತಿನ ಮೂಳೆಯೂ ಖಾಲಿಯಾಗುತ್ತಾ ಬಂದಿದೆ ಎಂದು ತಿಳಿಯಿರಿ.

ಅದಕ್ಕಾಗಿ ಮೇವಿನಲ್ಲಿರುವುದಲ್ಲದೆ ಒಂದು ಪ್ರತ್ಯೇಕ ಬಟ್ಟಲಿನಲ್ಲಿ ಚಿಪ್ಪಿನ ನುರಿ ಯಾವಾಗಲೂ ಇರಲಿ. ಕರಾವಳಿಯಿಂದ ಬರುವ ಬಳಚು, ಕಪ್ಪೆಚಿಪ್ಪನ್ನು ಜೋಳದ ಕಾಳಿನ ಅರ್ಧದಷ್ಟಕ್ಕೆ ಕುಟ್ಟಿದರೆ ಸಾಕು. ಕೋಳಿ ಆಹಾರದ ಅಂಗಡಿಗಳಲ್ಲಿ ಶೆಲ್ ಗ್ರಿಟ್ ಎಂದೇ ಸಿಗುತ್ತದೆ. ನುಣ್ಣನೆಯ ಪುಡಿಗಿಂತ ನುರಿ ಒಳ್ಳೆಯದು, ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ ರಾತ್ರಿಯಿಡೀ ಒದಗುತ್ತದೆ. ಎಲೆಅಡಿಕೆಯ ಸುಣ್ಣ, ಗೋಡೆಯ ಸುಣ್ಣ ಬೇಡ, ಬಾಯಿ ಗಂಟಲು ಸುಡುತ್ತದೆ. ನುರಿ ಬೇಕಾದ ಹೆಣ್ಣು ಬೇಕಾದಷ್ಟು ತಿನ್ನುತ್ತದೆ, ನೀವು ಅಳೆಯಬೇಕಿಲ್ಲ.

ನೀರು, ಕಣ್ಣು, ಕಾಲು

ಕಣ್ಣಿನ ಅಂಟಿಗೆ ಮೊದಲ ಅನುಮಾನ ನೀರಿನ ಪಾತ್ರೆಯ ಆಳದ ಮೇಲೆ. ಕೋಳಿಗೆ ಇಡುವ ತಟ್ಟೆಯಂಥ ಪಾತ್ರೆಯಲ್ಲಿ ಬಾತು ಕೊಕ್ಕಿನ ತುದಿ ಮಾತ್ರ ಅದ್ದಬಲ್ಲದು. ಅದಕ್ಕೆ ಮೂಗಿನ ಹೊಳ್ಳೆ ಮುಳುಗುವ ತನಕ ತಲೆ ಅದ್ದಿ ಕಣ್ಣು ತೊಳೆದುಕೊಳ್ಳಬೇಕು. ಇಲ್ಲದಿದ್ದರೆ ಮೇವಿನ ಪುಡಿ ಹೊಳ್ಳೆಯಲ್ಲಿ ಕಟ್ಟುತ್ತದೆ, ಕಣ್ಣಿನ ರೆಪ್ಪೆ ಅಂಟುತ್ತದೆ, ಹಾಗೇ ಬಿಟ್ಟರೆ ಕುರುಡಾಗುತ್ತದೆ. ನೀರಿನ ಆಳ 5ರಿಂದ 6 ಅಂಗುಲ ಇರಬೇಕು, ಪಾತ್ರೆಯ ಬಾಯಿ ಒಳಗಿಳಿದು ಕೂರಲು ಆಗದಷ್ಟು ಕಿರಿದಿರಬೇಕು. ಹಳೆಯ ಬಕೆಟ್ಟಿನ ಬದಿಯಲ್ಲಿ ತಲೆ ಹೋಗುವಷ್ಟು ತೂತು ಕೊರೆದರೂ ಆಗುತ್ತದೆ. ಹತ್ತು ಬಾತಿಗೆ ಚೆಲ್ಲುವುದೂ ಸೇರಿ ದಿನಕ್ಕೆ 15 ಲೀಟರ್ ಇಟ್ಟುಕೊಳ್ಳಿ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿ, ಹತ್ತಿಯಿಂದ ದಿನಕ್ಕೆರಡು ಸಲ ಕಣ್ಣು ಒರೆಸಿ. ನುಚ್ಚಿನಲ್ಲಿ ಎ ಜೀವಸತ್ವ ಇಲ್ಲವೇ ಇಲ್ಲ, ಅದೂ ಕಣ್ಣಿಗೆ ಕೇಡು. ಹಳದಿ ಜೋಳ, ಹೆಚ್ಚಿದ ನುಗ್ಗೆಸೊಪ್ಪು, ನಿಮ್ಮ ಅಜೋಲಾ ಅದನ್ನು ತುಂಬುತ್ತವೆ. ನಾಲ್ಕೈದು ದಿನದಲ್ಲಿ ಸರಿಹೋಗದಿದ್ದರೆ, ಕಣ್ಣಿನ ಕೆಳಗೆ ಊದಿದ್ದರೆ, ಮೂಗಿನಿಂದ ಸಿಂಬಳ ಬಂದರೆ ಅದು ಸೋಂಕು. ಪಶುವೈದ್ಯರಿಗೆ ತೋರಿಸಿ.

ಈಜುಕೊಳ ಬೇಕೇ ಬೇಕೆಂದಿಲ್ಲ. ಒಂದಡಿ ಆಳದ ಸಿಮೆಂಟ್ ತೊಟ್ಟಿ ಇದ್ದರೆ ಗರಿ ಚೊಕ್ಕಟವಾಗಿರುತ್ತದೆ. ಅದರ ನೀರನ್ನು ದಿನವೂ ಬಾಳೆಬುಡಕ್ಕೋ ಅಡಿಕೆಬುಡಕ್ಕೋ ಬಿಟ್ಟು ಹೊಸದು ತುಂಬಿ. ನಿಜವಾದ ಅಪಾಯ ಬೇಸಿಗೆಯಲ್ಲಿ ಬತ್ತುತ್ತಾ ಬಂದ ಗುಂಡಿಗಳಲ್ಲಿದೆ. ಎಲೆ, ಸತ್ತ ಮೀನು ಕೊಳೆತ ನೀರಿನಲ್ಲಿ, ಸತ್ತ ಪ್ರಾಣಿಯ ಮೇಲಿನ ಹುಳಗಳಲ್ಲಿ ಬಾಟುಲಿಸಂ ವಿಷ ಸೇರಿಕೊಳ್ಳುತ್ತದೆ. ಅದನ್ನು ತಿಂದ ಬಾತಿನ ಕಾಲು ಮೊದಲು ಸೋಲುತ್ತದೆ, ಆಮೇಲೆ ಕತ್ತು ಎತ್ತಲಾಗದೆ ನೆಲಕ್ಕೆ ಚಾಚುತ್ತದೆ. ಅಂಥ ಗುಂಡಿಗೆ ಬೇಲಿ ಹಾಕಿ.

ಕುಂಟುವ ಬಾತಿನ ಅಂಗಾಲನ್ನು ತೊಳೆದು ನೋಡಿ. ನಡುವೆ ಕಪ್ಪು ಹುಣ್ಣು, ಊತ, ಬಿಸಿ ಇದ್ದರೆ ಅದು ಅಂಗಾಲಿನ ಕೀವು. ಅಡಿಕೆ ಸೋಗೆಯ ಚೂರು, ಜಲ್ಲಿ, ಒರಟು ಸಿಮೆಂಟ್ ನೆಲದಿಂದ ಗೀರಿ ಒಳಗೆ ಸೋಂಕು ಹೋಗಿರುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ ಬಟ್ಟೆ ಸುತ್ತಿ, ಒಣ ಹಾಸಿನ ಮೇಲೆ ಬೇರೆ ಇಡಿ. ದಿನಕ್ಕೊಮ್ಮೆ ಬದಲಿಸಿ. ಒಳಗೆ ಗಟ್ಟಿ ಗಂಟು ಕೈಗೆ ಸಿಕ್ಕರೆ ಅದನ್ನು ನೀವೇ ಬ್ಲೇಡಿನಿಂದ ಕೊಯ್ಯಬೇಡಿ, ವೈದ್ಯರ ಕೆಲಸ. ಅಂಗಾಲು ಶುಭ್ರವಾಗಿದ್ದೂ ಕುಂಟುತ್ತಿದ್ದರೆ ಎರಡು ಸಾಧ್ಯತೆ: ಕ್ಯಾಲ್ಸಿಯಂ ತೆಗೆದು ತೆಗೆದು ಮೂಳೆ ಸೋತಿರುವುದು, ಇಲ್ಲವೇ ಗಂಡುಗಳ ಕಾಟ.

ಈ ಎರಡನೆಯದನ್ನು ಹಗುರವಾಗಿ ಕಾಣಬೇಡಿ. ಒಂದು ಗಂಡಿಗೆ ಆರರಿಂದ ಹತ್ತು ಹೆಣ್ಣು ಇರಬೇಕು, ನಿಮ್ಮಲ್ಲಿ ನಾಲ್ಕೇ ಇವೆ. ಮೇಲೆ ಹತ್ತುವಾಗ ಗಂಡು ಹೆಣ್ಣಿನ ಕತ್ತಿನ ಹಿಂಭಾಗ ಕಚ್ಚಿ ಹಿಡಿಯುತ್ತದೆ. ಅಲ್ಲಿ ಗರಿ ಉದುರಿ ಚರ್ಮ ಕೆಂಪಗಾಗಿದ್ದರೆ, ಬೆನ್ನು ಬೋಳಾಗಿದ್ದರೆ ಇದೇ ಕಾರಣ. ಬಡವಾದ ಹೆಣ್ಣೇ ಹೆಚ್ಚು ಪೆಟ್ಟು ತಿನ್ನುತ್ತದೆ, ಓಡಲಾರದಲ್ಲ. ಒಂದು ಗಂಡನ್ನು ಬೇರೆ ಮಾಡಿ. ತಿನ್ನಲು ಮೊಟ್ಟೆ ಬೇಕಷ್ಟೇ ಆದರೆ ಎರಡೂ ಬೇಡ, ಗಂಡಿಲ್ಲದೆಯೂ ಮೊಟ್ಟೆ ಅಷ್ಟೇ ಬರುತ್ತದೆ. ಮರಿ ಬೇಕಾದಾಗ ಒಂದನ್ನು ಉಳಿಸಿಕೊಳ್ಳಿ. ಈ ತಳಿಗೆ ಕಾವು ಕೂರುವ ಗುಣ ಇಲ್ಲವೆಂದೇ ಹೇಳಬಹುದು, ಊರ ಕೋಳಿಯ ಕೆಳಗೆ 28 ದಿನ ಇಡಬೇಕು.

ಗೂಡು

ಹತ್ತು ಬಾತಿಗೆ ರಾತ್ರಿ ಗೂಡು 5 ಅಡಿ ಅಗಲ, 8 ಅಡಿ ಉದ್ದ ಸಾಕು. ಬಾಗಿಲು ಮೂರಡಿ ಅಗಲವಿರಲಿ, ಹೊಸ್ತಿಲು ಬೇಡ. ಎಲ್ಲ ಒಟ್ಟಿಗೆ ನುಗ್ಗುವುದು ಅವುಗಳ ಸ್ವಭಾವ, ಸಂದಿಯಲ್ಲಿ ಕಾಲು ಮುರಿಯುತ್ತದೆ. ಗಾಳಿ ಆಡುವ ಕಡೆಯೆಲ್ಲ ಅರ್ಧ ಅಂಗುಲದ ಗಟ್ಟಿ ತಂತಿಜಾಲ ಹಾಕಿ, ಹೆಬ್ಬಾವು, ಕಬ್ಬೆಕ್ಕು, ಮುಂಗುಸಿ ಎಲ್ಲದಕ್ಕೂ ಅದೇ ತಡೆ. ಗೋಡೆಯ ಬದಿಗೆ 12 ಅಂಗುಲ ಅಗಲ, 12 ಎತ್ತರ, 18 ಆಳದ ಮೂರು ಪೆಟ್ಟಿಗೆಗಳನ್ನು ನೆಲದ ಮೇಲೆಯೇ ಇಟ್ಟು ಒಣಹಾಸು ತುಂಬಿದರೆ ಮೊಟ್ಟೆ ಚೊಕ್ಕಟವಾಗಿ ಸಿಗುತ್ತದೆ.

ಹಾಸಿಗೆ ಭತ್ತದ ಉಮಿ ಅಥವಾ ಮರದ ಹೊಟ್ಟು ಮೂರು ನಾಲ್ಕು ಅಂಗುಲ. ದರಗು ಬಳಸುವುದಾದರೆ ಬೇಸಿಗೆಯಲ್ಲೇ ಕೂಡಿಟ್ಟ ಒಣ ದರಗು ಆಗಬೇಕು. ಮಳೆಯಲ್ಲಿ ನೆನೆದ ದರಗು, ಮುಗ್ಗಿದ ಹುಲ್ಲು ಹಾಕಿದರೆ ಅದರ ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಹೋಗಿ ಬಾಯಿ ತೆರೆದು ಉಸಿರಾಡುತ್ತವೆ, ಆ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇಲ್ಲ. ನೀರಿನ ಪಾತ್ರೆಯನ್ನು ಹಾಸಿನ ಮೇಲಿಡದೆ, ಒಂದು ಮೂಲೆಯಲ್ಲಿ ಸಣ್ಣ ಗುಂಡಿ ತೋಡಿ ಮೇಲೆ ತಂತಿಜಾಲ ಹಾಸಿ ಅದರ ಮೇಲಿಡಿ. ಚೆಲ್ಲಿದ್ದು ಇಂಗಿ ಹೋಗುತ್ತದೆ. ಒದ್ದೆಯಾದ ಭಾಗವನ್ನು ದಿನವೂ ತೆಗೆದು ಒಣದ್ದು ಸೇರಿಸಿ. ಬಾತಿಗೆ ನೀರು ಬೇಕು, ಆದರೆ ಮಲಗುವ ಜಾಗ ಒಣಗಿರಬೇಕು. ಮಲೆನಾಡಿನಲ್ಲಿ ಈ ಒಂದು ಕೆಲಸಕ್ಕೆ ಸೋಮಾರಿತನ ಮಾಡಿದರೆ ಕಾಲು, ಗರಿ, ಮೊಟ್ಟೆ ಮೂರೂ ಕೆಡುತ್ತವೆ.

ಬೆಳಕಿನ ವಿಷಯ ಚಿಕ್ಕದು. ಮೊಟ್ಟೆಗೆ 14ರಿಂದ 16 ಗಂಟೆ ಬೆಳಕು ಬೇಕು. ನಮ್ಮಲ್ಲಿ ಡಿಸೆಂಬರ್ ಹಗಲು ಹನ್ನೊಂದೂಕಾಲು ಗಂಟೆ ಆಸುಪಾಸು, ಜೂನ್‌ನಲ್ಲೂ ಹದಿಮೂರರೊಳಗೆ. 5 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬನ್ನು ಬೆಳಗಿನ ಜಾವ ಹಚ್ಚಿದರೆ ಸಾಕು, ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತಾ ಹೋಗಿ. ಆದರೆ ಸೊರಗಿದ ಬಾತುಗಳಿಗೆ ಈಗಲೇ ಬೆಳಕು ಹೆಚ್ಚಿಸಿ ಮೊಟ್ಟೆ ಇಡಿಸುವುದು ಬೇಡ. ಎದೆಯಲ್ಲಿ ಮಾಂಸ ತುಂಬಿದ ಮೇಲೆ ಮಾಡಿ.

ತಡಮಾಡಬಾರದ ಲಕ್ಷಣಗಳು

ಮೊಟ್ಟೆ ಸಿಕ್ಕಿಕೊಂಡ ಬಾತು ನೆಟ್ಟಗೆ ನಿಂತು ಬಾಲ ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತದೆ, ರೆಕ್ಕೆ ಜೋಲುತ್ತದೆ, ಮೇವು ಬಿಡುತ್ತದೆ. ಕ್ಯಾಲ್ಸಿಯಂ ಕೊರತೆಯಿರುವ ನಿಮ್ಮ ಗುಂಪಿನಲ್ಲಿ ಇದು ಆಗುವ ಸಂಭವವಿದೆ. ಮೈ ಕಾಯಿಸುವಷ್ಟು ಬೆಚ್ಚಗಿನ ನೀರಿನಲ್ಲಿ, 38ರಿಂದ 40 ಡಿಗ್ರಿ, ಕೆಳಹೊಟ್ಟೆ ಮುಳುಗುವಂತೆ ಇಪ್ಪತ್ತು ಮೂವತ್ತು ನಿಮಿಷ ಕೂರಿಸಿ. ದ್ವಾರಕ್ಕೆ ಕೊಬ್ಬರಿ ಎಣ್ಣೆ ಸವರಿ, ಒಣಗಿಸಿ, ಕತ್ತಲ ಬೆಚ್ಚನೆಯ ಜಾಗದಲ್ಲಿ ಒಂಟಿಯಾಗಿ ಬಿಡಿ. ಬಹಳಷ್ಟು ಸಲ ಒಂದೆರಡು ಗಂಟೆಯಲ್ಲಿ ಇಡುತ್ತದೆ. ಹೊಟ್ಟೆ ಒತ್ತಿ ಮೊಟ್ಟೆ ಹೊರತಳ್ಳಲು ಹೋಗಬೇಡಿ. ಒಳಗೆ ಒಡೆದರೆ ಚಿಪ್ಪಿನ ಚೂರು ಕರುಳಿನ ಸುತ್ತ ಸೋಂಕು ತರುತ್ತದೆ. ಇಡದಿದ್ದರೆ ಅದೇ ದಿನ ವೈದ್ಯರ ಬಳಿಗೆ. ಮೊಟ್ಟೆಯ ದಾರಿಯೇ ಕೆಂಪಗೆ ಹೊರಬಂದಿದ್ದರೆ ಶುದ್ಧ ನೀರಿನಲ್ಲಿ ತೊಳೆದು ಸಕ್ಕರೆ ಪಾಕ ಹಚ್ಚಿ. ಊತ ಇಳಿದ ಮೇಲೆ ಎಣ್ಣೆ ಸವರಿದ ಬೆರಳಿಂದ ಮೆಲ್ಲಗೆ ಒಳಗೆ ಸರಿಸಿ, ಗಂಡಿನಿಂದ ದೂರ ಇಡಿ. ಮತ್ತೆ ಮತ್ತೆ ಹೊರಬರುತ್ತಿದ್ದರೆ ವೈದ್ಯರು ಹೊಲಿಗೆ ಹಾಕಬೇಕಾಗುತ್ತದೆ.

ಲಸಿಕೆ ಹಾಕಿಸಿದ ವಿಷಯ ನೀವು ಬರೆದಿಲ್ಲ. ಬಾತಿನ ಪ್ಲೇಗ್‌ಗೆ 8ರಿಂದ 12 ವಾರದೊಳಗೆ, ಬಾತಿನ ಕಾಲರಾಕ್ಕೆ 4ನೇ ಮತ್ತು 18ನೇ ವಾರಕ್ಕೆ ಚುಚ್ಚುಮದ್ದು ಕೊಡುವುದು ರೂಢಿ. ಹಾಕಿಸಿಲ್ಲದಿದ್ದರೆ ಪಶು ಆಸ್ಪತ್ರೆಯಲ್ಲಿ ಈಗಲೂ ಕೇಳಿ. ಲಸಿಕೆಯ ಒಂದು ಶೀಶೆಯಲ್ಲಿ ಬಹಳ ಹಕ್ಕಿಗಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆ ಬಾಳುತ್ತದೆ. ಆದ್ದರಿಂದ ಸುತ್ತಲಿನ ನಾಲ್ಕಾರು ಮನೆಯವರು ಒಂದೇ ದಿನ ಹಾಕಿಸುವಂತೆ ಮಾತಾಡಿಕೊಳ್ಳಿ. ಸೊರಗಿದ ಬಾತುಗಳಿಗೆ ಚುಚ್ಚುವ ಬದಲು ಎರಡು ಮೂರು ವಾರ ಮೇವು ಕೊಟ್ಟು ಚೇತರಿಸಿದ ಮೇಲೆ ಹಾಕಿಸಿದರೆ ಫಲ ಚೆನ್ನಾಗಿರುತ್ತದೆ.

ಪ್ಲೇಗ್ ಬಂದ ಬಾತು ಬೆಳಕಿಗೆ ಕಣ್ಣು ಮುಚ್ಚುತ್ತದೆ, ನೀರಿನಂಥ ಭೇದಿ, ವಿಪರೀತ ಬಾಯಾರಿಕೆ, ಮೊಟ್ಟೆ ಒಮ್ಮೆಲೇ ನಿಲ್ಲುತ್ತದೆ. ಕಾಲರಾದಲ್ಲಿ ಜ್ವರ, ಹಸಿರು ಭೇದಿ, ಚೆನ್ನಾಗಿದ್ದ ಬಾತು ಬೆಳಿಗ್ಗೆಗೆ ಸತ್ತಿರುತ್ತದೆ. ಒಂದೇ ದಿನ ಎರಡು ಮೂರು ಸತ್ತರೆ ಕೊಯ್ದು ನೋಡಬೇಡಿ, ಹಳ್ಳಕ್ಕೆ ಎಸೆಯಬೇಡಿ, ಮಾಂಸ ಮಾಡಬೇಡಿ. ಉಳಿದವನ್ನು ಕೂಡಿಹಾಕಿ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. 2014ರಲ್ಲಿ ಕೇರಳದ ಕುಟ್ಟನಾಡಿನಲ್ಲಿ ಹಕ್ಕಿಜ್ವರ ಹೊರಬಿದ್ದದ್ದು ಬಾತುಗಳ ಸಾವಿನಿಂದಲೇ. ನಿಮ್ಮ ಕಡೆ ಮಂಡಗದ್ದೆ ಪಕ್ಷಿಧಾಮದ ಹಕ್ಕಿಗಳೂ ಗದ್ದೆಯ ಬೆಳ್ಳಕ್ಕಿಗಳೂ ಅದೇ ನೀರಿಗೆ ಇಳಿಯುತ್ತವೆ. ಮೇವನ್ನು ಬಯಲಲ್ಲಿ ಚೆಲ್ಲದಿದ್ದರೆ ಕಾಡುಹಕ್ಕಿಗಳು ಬಾತಿನ ಹತ್ತಿರ ಬರುವುದು ಕಡಿಮೆಯಾಗುತ್ತದೆ. ಕೋಳಿಗಳನ್ನೂ ಒಂದೇ ಗೂಡಿನಲ್ಲಿ ಹಾಕಬೇಡಿ. ಕೊಕ್ಕರೆ ರೋಗದಂಥವನ್ನು (ರಾಣಿಖೇತ್) ಬಾತು ತಾನು ಕಾಯಿಲೆ ಬೀಳದೆಯೇ ಕೋಳಿಗೆ ದಾಟಿಸಬಲ್ಲದು.

ಅಡಿಕೆ ತೋಟದವರಿಗೆ ಬೇರೆಯಾಗಿ ಹೇಳಬೇಕಾದ್ದು ವಿಷದ ಮಾತು. ಬಸವನಹುಳಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯನ್ನು ಬಾತು ಮೇವೆಂದೇ ತಿನ್ನುತ್ತದೆ. ವಿಷ ತಿಂದ ಹುಳವನ್ನು ತಿಂದರೂ ಅಪಾಯವೇ. ನಡುಕ, ಸೆಳೆತ ಬಂದು ಕೆಲವು ಗಂಟೆಗಳಲ್ಲಿ ಸಾಯುತ್ತದೆ. ಬಾತು ಸಾಕಿದ ತೋಟಕ್ಕೆ ಅದು ಬೇಡ. ಬುಡಕ್ಕೆ ಹಾಕುವ ಹರಳು ಕೀಟನಾಶಕಗಳೂ ಹಾಗೆಯೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ದಿನ ಬಾತುಗಳನ್ನು ಗೂಡಿನಲ್ಲೇ ಇಟ್ಟು, ಮೈಲುತುತ್ತ ಕರಗಿಸಿದ ಡ್ರಮ್ಮಿನ ಸುತ್ತ ನಿಂತ ನೀರಿಗೆ ಮಣ್ಣು ಮುಚ್ಚಿದ ಮೇಲೆ ಬಿಡಿ.

ಇನ್ನು ಫಲ ಯಾವಾಗ? ಹೊಸ ಮೇವು ಪೂರ್ತಿಯಾದ ಮೇಲೆ ವಾರದೊಳಗೆ ಪೊರೆಮೊಟ್ಟೆ ನಿಲ್ಲಬೇಕು. ಎಣಿಕೆ ಏರಲು ಮೂರು ನಾಲ್ಕು ವಾರ ಬೇಕು, ಬಾತು ಮೊದಲು ತನ್ನ ಮೈ ಸರಿಮಾಡಿಕೊಳ್ಳುತ್ತದೆ. ಗರಿ ಬದಲಿಸುತ್ತಿರುವವನ್ನು ಬಿಟ್ಟು ಉಳಿದವುಗಳಲ್ಲಿ ಹತ್ತಕ್ಕೆ ಏಳರ ಲೆಕ್ಕ ಹಿಡಿಯಿರಿ. ಎಂಟೂ ಇಡುವಂತಿದ್ದರೆ ದಿನಕ್ಕೆ ಐದಾರು. ತಿಂಗಳ ಕೊನೆಗೆ ಮತ್ತೆ ತೂಗಿ. ತೂಕ ಏರಿಯೂ ಮೊಟ್ಟೆ ಏರದಿದ್ದರೆ, ಅಥವಾ ತಿಂದೂ ತಿಂದೂ ತೂಕ ಏರದಿದ್ದರೆ, ಆ ಬಾತುಗಳ ತಾಜಾ ಹಿಕ್ಕೆಯನ್ನು ಶುಭ್ರ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿ, ಯಾವ ಹುಳ ಎಂದು ತಿಳಿದ ಮೇಲೆ ಔಷಧಿ ಕೊಡಿ. ಆ ಔಷಧಿ ಕೊಟ್ಟ ಎಷ್ಟು ದಿನದ ತನಕ ಮೊಟ್ಟೆ ತಿನ್ನಬಾರದು ಎಂಬುದನ್ನೂ ಅಲ್ಲೇ ಕೇಳಿಕೊಂಡು ಬನ್ನಿ.